ಬೀನೋ, ಫ್ರೆಂಡ್ಸೋ, ಮೈಂಡ್ ಯುವರ್ ಲ್ಯಾಂಗ್ವೇಜೋ?

ಶಿರಸಿ, ಕಾರವಾರದ ಕಡೆ ಮನೆಯಲ್ಲಿ ಕನ್ನಡವನ್ನೋ ಕೊಂಕಣಿಯನ್ನೋ ಆಡುವ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಈ ಮೂರು ಇಂಗ್ಲಿಷ್ ಟಿವಿ ಹಾಸ್ಯ ಧಾರಾವಾಹಿಗಳನ್ನೂ ತರಗತಿಯಲ್ಲಿ ಹಾಕಿ ನೋಡಿದ್ದಾಯಿತು.

ಎಂಟು, ಒಂಬತ್ತನೇ ತರಗತಿಗೆ ಮಿಸ್ಟರ್ ಬೀನ್‌ಗೆ ಎದುರಿಲ್ಲ. ಅವನು ಬಾಯಿ ಬಿಡುವುದೇ ಅಪರೂಪ, ಹಾಗಾಗಿ ಮಾತಿನ ಕೆಲಸ ಮಕ್ಕಳ ಪಾಲಿಗೆ ಬರುತ್ತದೆ. 1990ರ ಮೊದಲ ಕಂತಿನ ಪರೀಕ್ಷೆಯ ದೃಶ್ಯ ತೆಗೆದುಕೊಳ್ಳಿ. ಓದಿಕೊಂಡು ಬಂದದ್ದು ತ್ರಿಕೋನಮಿತಿ, ಎದುರಾದದ್ದು ಕ್ಯಾಲ್ಕುಲಸ್. ಈ ಸಂಕಟವನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕೆ? ಮೂರು ನಿಮಿಷ ಸಾಕು. ಮೊದಲ ಸುತ್ತಿನಲ್ಲಿ ಅರ್ಧ ನಿಮಿಷಕ್ಕೊಮ್ಮೆ ನಿಲ್ಲಿಸಿ ‘ಹೀ ಈಸ್ ಲುಕಿಂಗ್’ ಎನ್ನಿಸಿ. ‘ಹೀ ಲುಕ್ಡ್’ ಎರಡನೇ ಸುತ್ತಿಗಿರಲಿ. ಒಟ್ಟಿಗೇ ಕೇಳಿದರೆ ಕಾಲಗಳೆಲ್ಲ ಕಲಸುಮೇಲೋಗರ. ಜುಲೈ ಮಳೆ ತಗಡಿನ ಮಾಡಿಗೆ ಹೊಡೆಯುವಾಗ ಸ್ಪೀಕರ್ ಕೇಳದಿದ್ದರೂ ಪಾಠ ನಿಲ್ಲುವುದಿಲ್ಲ ಎಂಬುದು ಮಲೆನಾಡಿಗರಿಗೆ ಸಿಗುವ ಲಾಭ. ಕಿವಿಗೆ ಮಾತ್ರ ಏನೂ ಕೆಲಸವಿಲ್ಲ.

ಕಿವಿ ಪಳಗಬೇಕಾದರೆ ಫ್ರೆಂಡ್ಸ್ ಬೇಕು, ಅದೂ ಪದವಿ ತರಗತಿಗೆ. 22 ನಿಮಿಷದ ಕಂತನ್ನು ಪೂರ್ತಿ ಹಾಕಬೇಡಿ, 90 ಸೆಕೆಂಡು ಕತ್ತರಿಸಿಕೊಳ್ಳಿ. ಹಿನ್ನೆಲೆಯ ನಗು ಕೇಳಿ ಹುಡುಗರೂ ನಗುತ್ತಾರೆ, ಅರ್ಥವಾಯಿತೆಂದು ಮೇಷ್ಟ್ರು ಮೋಸಹೋಗುತ್ತಾರೆ. ನಿಜವಾದ ತೊಡಕು ಒತ್ತಿನದು. ಅದರ ಪಾತ್ರ ಚಾಂಡ್ಲರ್ ‘ಕುಡ್ ಐ ಬೀ ಎನಿ ಮೋರ್...’ ಎನ್ನುವಾಗ ನಗು ಹುಟ್ಟುವುದು ‘ಬೀ’ ಮೇಲಿನ ಒತ್ತಿನಿಂದ. ನಾವು ಆ ಕೆಲಸವನ್ನು ಹೆಚ್ಚಾಗಿ ‘ಏ’ಕಾರದಿಂದ ಮಾಡಿಸುತ್ತೇವೆ: ನಾನೇ ಹೇಳಿದ್ದು, ಅವನಿಗೇ ಹೇಳಿದ್ದು. ಬೋರ್ಡಿನ ಮೇಲೆ ‘ಐ ಟೋಲ್ಡ್ ಹಿಮ್’ ಬರೆದು, ಯಾವ ಪದವನ್ನು ಒತ್ತಿದರೆ ‘ಏ’ ಎಲ್ಲಿ ಬರುತ್ತದೆಂದು ಹುಡುಕಿಸಿ. ಹತ್ತು ನಿಮಿಷ ಇದನ್ನು ಮಾಡಿಸಿ ಮತ್ತೆ ತುಣುಕು ಹಾಕಿದರೆ ಹುಡುಗರು ನಗುವ ಜಾಗವೇ ಬದಲಾಗುತ್ತದೆ. ಸಬ್‌ಟೈಟಲ್ ಕೊನೆಯ ಸಲಕ್ಕೆ. ಮೊದಲೇ ಕೊಟ್ಟರೆ ಅದು ಓದುವ ಪಾಠ.

1977ರಲ್ಲಿ ಶುರುವಾದ ಮೈಂಡ್ ಯುವರ್ ಲ್ಯಾಂಗ್ವೇಜ್ ನಡೆಯುವುದೇ ಹೊರದೇಶದವರಿಗೆ ಇಂಗ್ಲಿಷ್ ಕಲಿಸುವ ಲಂಡನ್ನಿನ ತರಗತಿಯಲ್ಲಿ. ಇದಕ್ಕಿಂತ ತಕ್ಕದ್ದು ಯಾವುದಿದೆ ಅನ್ನಿಸುತ್ತದೆ, ಎಡವುವುದೂ ಅಲ್ಲೇ. ನಗು ತಂದ ತಪ್ಪು ವಾಕ್ಯ ನಾಲಿಗೆಗೆ ಅಂಟುತ್ತದೆ. ಅಲ್ಲಿನ ವಿದ್ಯಾರ್ಥಿ ರಂಜೀತ್ ಸಿಂಗ್‌ನ ‘ಎ ಥೌಸಂಡ್ ಅಪಾಲಜೀಸ್’ ವಾರಗಟ್ಟಲೆ ಬಿಡುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಅಲ್ಲಿ ನಗೆಪಾಟಲಾಗುವುದು ನಮ್ಮಂಥವರ ಉಚ್ಚಾರಣೆ. ಮೊದಲೇ ಬಾಯಿ ತೆರೆಯಲು ಅಂಜುವ ಹುಡುಗಿ ಇನ್ನಷ್ಟು ಮುದುಡುತ್ತಾಳೆ. ಹಾಕಲೇಬೇಕೆಂದರೆ ಯಕ್ಷಗಾನದ ಹಾಸ್ಯಗಾರ ಬೇಕೆಂದೇ ಮಾತು ತಿರುಚುವ ಒಂದೆರಡು ಉದಾಹರಣೆ ಮಕ್ಕಳಿಂದಲೇ ಹೇಳಿಸಿ, ಆಮೇಲೆ ಒಂದೇ ಒಂದು ನಿಮಿಷ ತೋರಿಸಿ. ಗಂಟೆ ಹೊಡೆಯುವ ಮೊದಲು ಸರಿಯಾದ ವಾಕ್ಯವನ್ನು ಎಲ್ಲರ ಬಾಯಲ್ಲೂ ಹೇಳಿಸಿ ಕಳಿಸಿ.