ಹಳೇ ಚಿರೆಕಲ್ಲು ಮನೆಗೆ ಕಡಿಮೆ ಖರ್ಚಿನ ಬಿಡಿ ಕಿಚನ್: ಯಾವುದು ಬಾಳುತ್ತದೆ, ಯಾವುದು ಬೇಡ

ಗೋಡೆಗೆ ಜಡಿಯದೆ ನೆಲದ ಮೇಲೆ ತಂದು ನಿಲ್ಲಿಸುವ ಅಡುಗೆಕಟ್ಟೆಗಳು ಕಾರವಾರ, ಕುಮಟಾ, ಹೊನ್ನಾವರದ ಕಡೆ ಮುಖ್ಯವಾಗಿ ನಾಲ್ಕು ಬಗೆಯಲ್ಲಿ ಸಿಗುತ್ತವೆ: ಪಾರ್ಟಿಕಲ್ ಬೋರ್ಡಿನ (ಮರದ ಚೂರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ರೆಡಿಮೇಡ್ ಕ್ಯಾಬಿನೆಟ್, ಅಲ್ಯೂಮಿನಿಯಂ ಸೆಕ್ಷನ್‌ನದು, ಕಬ್ಬಿಣ ಅಥವಾ ಸ್ಟೀಲ್ ಪೈಪಿನ ಸ್ಟ್ಯಾಂಡ್, ಆಚಾರಿ ಮಾಡಿಕೊಡುವ ಮರದ್ದು. ಅಂಗಡಿಯಲ್ಲಿ ಎಲ್ಲರ ಕಣ್ಣು ಹೋಗುವುದು ಬಾಗಿಲಿನ ಬಣ್ಣದ ಮೇಲೆ. ಹೆಂಚಿನ ಮಾಡು, ಚಿರೆಕಲ್ಲು (ಜಂಬಿಟ್ಟಿಗೆ) ಗೋಡೆ, ರೆಡ್ ಆಕ್ಸೈಡ್ ನೆಲದ ಮನೆಗೆ ಕೊಳ್ಳುವುದಾದರೆ ಮೊದಲು ನೋಡಬೇಕಾದ್ದು ಅದರ ಕಾಲು ಮತ್ತು ಬೆನ್ನು.

ಕಾರಣ ಗೋಡೆಯಲ್ಲೇ ಇದೆ. ಈ ಮನೆಗಳ ಪಾಯದ ಮೇಲೆ ತೇವ ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ಮಳೆಗಾಲದಲ್ಲಿ ನೆಲದ ನೀರನ್ನು ಚಿರೆಕಲ್ಲು ಮೇಲಕ್ಕೆ ಹೀರುತ್ತದೆ, ಮಳೆ ಬಿಟ್ಟ ಮೇಲೆ ಗೋಡೆಯ ಮೈಯಿಂದಲೇ ಅದು ಆರಬೇಕು. ಗೋಡೆಗೆ ಅಂಟಿಸಿದ ಮಾಡ್ಯುಲರ್ ಕಿಚನ್ ಈ ದಾರಿಯನ್ನು ಮುಚ್ಚುತ್ತದೆ. ಮೊದಲು ಬೂಷ್ಟು, ಹಿಂದೆಯೇ ಒರಲೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆಯಾದರೆ ಸ್ಕ್ರೂ ಕೂಡ ಗಟ್ಟಿಯಾಗಿ ಕೂರುವುದಿಲ್ಲ. ಹಾಗಾಗಿ ಬಿಡಿ ಕಿಚನ್ನೇ ಸರಿ. ಆದರೆ ಅದನ್ನು ತಂದು ಗೋಡೆಗೆ ಒತ್ತಿ ನಿಲ್ಲಿಸಿದರೆ ಜಡಿದದ್ದಕ್ಕೂ ಇದಕ್ಕೂ ವ್ಯತ್ಯಾಸ ಉಳಿಯದು. ಹಿಂದೆ ಎರಡಿಂಚು ಜಾಗ ಬಿಡಿ, ಬೆನ್ನಹಲಗೆ ಹಾಕಿಸಲೇಬೇಡಿ. ಸಂದಿಯೊಳಗೆ ಚಮಚ, ಸಿಪ್ಪೆ ಬೀಳದಂತೆ ನಾಲ್ಕಿಂಚಿನ ಗ್ರಾನೈಟ್ ಪಟ್ಟಿಯನ್ನು ಕಟ್ಟೆಯ ಕಲ್ಲಿನ ಹಿಂದಂಚಿಗೇ ಅಂಟಿಸಿಕೊಳ್ಳಬಹುದು, ಗೋಡೆಗಲ್ಲ.

ಪಾರ್ಟಿಕಲ್ ಬೋರ್ಡ್ ಬೇಡ. ನೋಡಲು ಚೆಂದ, ಬೆಲೆಯೂ ಕಡಿಮೆ. ಆದರೆ ನೆಲ ಒರೆಸಿದ ನೀರು ಅಂಚಿನ ಪಟ್ಟಿ ದಾಟಿ ಒಳಗಿಳಿದರೆ ಹಲಗೆ ಉಬ್ಬುತ್ತದೆ, ಒಣಗಿದರೂ ಮೊದಲಿನಂತಾಗುವುದಿಲ್ಲ. ಹಿಂಜಿನ ಸ್ಕ್ರೂ ಕಿತ್ತು ಬಂದ ತೂತಿಗೆ ಮತ್ತೆ ಸ್ಕ್ರೂ ನಿಲ್ಲದು. ಎಂಡಿಎಫ್‌ನದೂ (ಮರದ ನಾರು ಒತ್ತಿ ಮಾಡಿದ ಹಲಗೆ) ಇದೇ ಹಣೆಬರಹ.

ಅಲ್ಯೂಮಿನಿಯಂ ಕಿಚನ್‌ಗೆ ಒರಲೆಯ ಭಯವಿಲ್ಲ, ಹಗುರ, ಒಬ್ಬರೇ ಸರಿಸಿ ಗುಡಿಸಬಹುದು. ಕರಾವಳಿಯಲ್ಲಿ ಇದು ಕೈಕೊಡುವುದು ಸ್ಕ್ರೂ ಇರುವ ಕಡೆ. ಉಪ್ಪುಗಾಳಿಯಲ್ಲಿ ಮಾಮೂಲಿ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು, ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಪೌಡರ್ ಕೋಟಿಂಗ್ ಇರುವ ಸೆಕ್ಷನ್, ಸ್ಟೇನ್‌ಲೆಸ್ ಸ್ಕ್ರೂ ಎರಡನ್ನೂ ಕೇಳಿ ಹಾಕಿಸಿ. ಬಾಗಿಲಿಗೆ ಹಾಕುವ ಎಸಿಪಿ ಶೀಟಿನ ಎರಡು ತಗಡಿನ ನಡುವೆ ಇರುವುದು ಪ್ಲಾಸ್ಟಿಕ್, ಪಿವಿಸಿ ಬೋರ್ಡಂತೂ ಪೂರ್ತಿ ಪ್ಲಾಸ್ಟಿಕ್. ಒಲೆಯ ಹತ್ತಿರ ಎರಡೂ ಬೇಡ.

ಕಡಿಮೆ ಖರ್ಚಿಗೆ ನಮ್ಮ ಮೊದಲ ಆಯ್ಕೆ ಪೈಪಿನ ಸ್ಟ್ಯಾಂಡ್, ಮೇಲೆ ಗ್ರಾನೈಟ್. ಐದಡಿ ಉದ್ದ, ಎರಡಡಿ ಅಗಲದ 18 ಎಂಎಂ ಗ್ರಾನೈಟ್ ಸುಮಾರು 45 ಕಿಲೋ ತೂಗುತ್ತದೆ. ಅದಕ್ಕೆ 25 ಎಂಎಂ ಚೌಕದ, 1.6 ಎಂಎಂ ದಪ್ಪದ ಪೈಪ್ ಬೇಕು, ನಡುವೆ ಒಂದು ಜೊತೆ ಹೆಚ್ಚಿನ ಕಾಲೂ ಬೇಕು. ಫ್ಯಾಬ್ರಿಕೇಶನ್‌ನವರು ಹೆಚ್ಚಾಗಿ ಕಿಲೋ ಲೆಕ್ಕದಲ್ಲಿ ದರ ಹೇಳುವುದರಿಂದ ತೂಕವೇ ಒಳ್ಳೆಯ ಪರೀಕ್ಷೆ: ಈ ಪೈಪ್ ಮೀಟರಿಗೆ ಸುಮಾರು 1.2 ಕಿಲೋ ಬರಬೇಕು. 0.9 ಬಂತೆಂದರೆ ಹಾಕಿರುವುದು 1.2 ಎಂಎಂ ಪೈಪ್.

ರೆಡಿಮೇಡ್ ಸ್ಟ್ಯಾಂಡಾದರೆ ಅಂಗಡಿಯಲ್ಲೇ ಮಗುಚಿ ಕಾಲಿನ ತುದಿ ನೋಡಿ. ಪೈಪಿನ ಬಾಯಿಗೆ ಬರೀ ಪ್ಲಾಸ್ಟಿಕ್ ಬುಶ್ ಒತ್ತಿದ್ದರೆ ಬಿಟ್ಟುಬಿಡಿ. ನೆಲ ಒರೆಸಿದ ನೀರು ಬುಶ್ ಸಂದಿಯಿಂದ ಒಳಗೇರಿ ಅಲ್ಲೇ ಕೂರುತ್ತದೆ, ಪೈಪ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗೆ ಕಾಣುವ ಮೊದಲ ಗುರುತು ನೆಲದಿಂದ ಒಂದಿಂಚು ಮೇಲೆ ಬಣ್ಣದ ಗುಳ್ಳೆ. ಒತ್ತಿದರೆ ಕಂದು ನೀರು ಬರುತ್ತದೆ. ಆಗ ಮೇಲಿಂದ ಬಣ್ಣ ಹೊಡೆದು ಉಪಯೋಗವಿಲ್ಲ. ಮಾಡಿಸುವುದಾದರೆ ಕಾಲಿನ ಬಾಯಿಗೆ 3 ಎಂಎಂ ತಗಡಿನ ತುಂಡನ್ನು ಸುತ್ತಲೂ ವೆಲ್ಡ್ ಮಾಡಿಸಿ ಮುಚ್ಚಿಸಿ, ಅದರ ಕೆಳಗೆ 10 ಎಂಎಂ ಬೋಲ್ಟಿನ ಉದ್ದ ಕಪ್ಲಿಂಗ್ ನಟ್ ಕೂರಿಸಿ. ಬೋಲ್ಟ್ ತಿರುಗಿಸಿದರೆ ಎತ್ತರ ಸರಿಹೊಂದುತ್ತದೆ, ಪೈಪಿನೊಳಗೆ ನೀರು ಹೋಗದು. ಬೋಲ್ಟಿನಡಿ ಎರಡಿಂಚಿನ ಗ್ರಾನೈಟ್ ತುಂಡಿಟ್ಟರೆ ರೆಡ್ ಆಕ್ಸೈಡ್ ನೆಲಕ್ಕೆ ಗುಳಿಯೂ ಬೀಳದು, ತುಕ್ಕಿನ ಕಲೆಯೂ ಆಗದು.

ಸಮುದ್ರಕ್ಕೆ ಹತ್ತಿರದ ಮನೆಗೆ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು, ಆದರೆ 304 ಗ್ರೇಡ್ ಆಗಿರಲಿ. ಅಗ್ಗದ 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಉಪ್ಪುಗಾಳಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ. ಮ್ಯಾಗ್ನೆಟ್ ಅಂಟದಿದ್ದರೆ 304 ಎಂಬ ಮಾತನ್ನು ನಂಬಬೇಡಿ, 202ಕ್ಕೂ ಅದು ಸರಿಯಾಗಿ ಅಂಟುವುದಿಲ್ಲ. ಸ್ಟೀಲ್ ವ್ಯಾಪಾರಿಗಳ ಬಳಿ ಗ್ರೇಡ್ ಪತ್ತೆಮಾಡುವ ಟೆಸ್ಟಿಂಗ್ ಲಿಕ್ವಿಡ್ ಇರುತ್ತದೆ, ಒಂದು ಹನಿ ಹಾಕಿಸಿ ನೋಡಿ. ವೆಲ್ಡಿಂಗ್ ಸುತ್ತಲಿನ ನೀಲಿ-ಕಂದು ಸುಟ್ಟ ಗುರುತನ್ನು ಪಿಕ್ಲಿಂಗ್ ಪೇಸ್ಟ್ (ಆಸಿಡ್ ಇರುವ ಪೇಸ್ಟ್) ಹಚ್ಚಿ ತೆಗೆದಿರಬೇಕು, ತುಕ್ಕು ಶುರುವಾಗುವುದು ಅಲ್ಲಿಂದಲೇ.

ಶಿರಸಿ, ಸಿದ್ದಾಪುರ ಕಡೆ ಉಪ್ಪಿನ ಕಾಟವಿಲ್ಲ, ಅಲ್ಲಿ ಮರದ್ದೂ ಆಗುತ್ತದೆ. ಹಲಸು ಅಥವಾ ಸಾಗವಾನಿಯ ಕೆಚ್ಚಿನಲ್ಲೇ ಕಾಲು ಮಾಡಿಸಿ, ಹೊರಗಿನ ಬಿಳಿ ಭಾಗ ಒರಲೆಗೆ ಮೊದಲ ತುತ್ತು. ಹಲಗೆಗೆ ಪ್ಲೈವುಡ್ ಆದರೆ ಶೀಟಿನ ಮೇಲೆ ನೀರು ತಡೆಯುವ ಮರೀನ್ ಪ್ಲೈವುಡ್ಡಿನ ಐಎಸ್ 710 ಮುದ್ರೆ ಇರಲಿ, ಕೊಯ್ದ ಅಂಚಿಗೆಲ್ಲ ಬಣ್ಣವೋ ವಾರ್ನಿಶ್ಶೋ ಬಳಿಸಿ. ಕಟ್ಟಿಗೆ ಒಲೆ ಇನ್ನೂ ಉರಿಯುವ ಮನೆಯಲ್ಲಿ ಅದರಿಂದ ಮೂರಡಿ ದೂರ.

ಅಳತೆಗೆ ಹೋಗುವಾಗ ರಸಮಟ್ಟ ಒಯ್ಯಿರಿ. ಹಳೇ ಅಡುಗೆಮನೆಯ ನೆಲ ಮೋರಿಯ ಕಡೆಗೆ ಇಳಿಜಾರಾಗಿರುತ್ತದೆ, ಅದು ಕಟ್ಟಿದವರ ತಪ್ಪಲ್ಲ. ಐದಡಿಗೆ ಒಂದಿಂಚಿಗಿಂತ ಹೆಚ್ಚು ಇಳಿದಿದ್ದರೆ ಬೋಲ್ಟ್ ಸಾಲದು, ಆ ಬದಿಯ ಕಾಲನ್ನೇ ಉದ್ದ ಮಾಡಿಸಬೇಕು. ಕಿಟಕಿಯನ್ನೂ ಅಳೆಯಿರಿ: ನೆಲದ ಮೇಲೆ ಕೂತು ಅಡುಗೆ ಮಾಡುತ್ತಿದ್ದ ಕಾಲದ ಕಿಟಕಿಗಳು ತಗ್ಗಿನಲ್ಲಿರುತ್ತವೆ, 33 ಇಂಚಿನ ಕಟ್ಟೆ ಅಡ್ಡ ಬಂದರೆ ಒಳಕ್ಕೆ ತೆರೆಯುವ ಬಾಗಿಲು ತೆರೆಯದು. ಒಳಬಾಗಿಲು ಕಿರಿದಾಗಿದ್ದರೆ ಸ್ಟ್ಯಾಂಡನ್ನು ಎರಡು ತುಂಡಾಗಿ ಮಾಡಿಸಿ, ಒಳಗೆ ತಂದು ಬೋಲ್ಟ್ ಹಾಕಿದರಾಯಿತು.

ಗ್ಯಾಸ್ ಸಿಲಿಂಡರಿಗೆ ಬಾಗಿಲು ಹಾಕಿಸಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ತುಂಬಿಕೊಳ್ಳುತ್ತದೆ. ಸಿಲಿಂಡರ್ ನೆಟ್ಟಗೆ ನೆಲದ ಮೇಲೆ, ತೆರೆದ ಜಾಗದಲ್ಲಿ ಇರಲಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ. ರಬ್ಬರ್ ಪೈಪ್ 1.5 ಮೀಟರ್ ಮೀರದಂತೆ ಕಟ್ಟೆಯ ಯಾವ ತುದಿಗೆ ಸಿಲಿಂಡರ್ ಬರುತ್ತದೆ ಎಂಬುದನ್ನು ಸ್ಟ್ಯಾಂಡ್ ಆರ್ಡರ್ ಕೊಡುವ ಮೊದಲೇ ಗೊತ್ತುಮಾಡಿಕೊಂಡು, ಸಿಲಿಂಡರ್ ಒಳಗೆ ಸರಿಯುವಂತೆ ಆ ತುದಿಯಲ್ಲಿ ಕೆಳಗಿನ ಅಡ್ಡಪಟ್ಟಿ ಹಾಕಿಸಬೇಡಿ. ಬಿಲ್ಲಿನಲ್ಲಿ ಪೈಪಿನ ದಪ್ಪ, ಸ್ಟೀಲಿನ ಗ್ರೇಡ್, ಗ್ರಾನೈಟಿನ ದಪ್ಪ ಮೂರನ್ನೂ ಬರೆಸಿಕೊಳ್ಳಿ.