ರೇಷ್ಮೆ ದಾರಿ: ಒಮ್ಮೆ ಟೂರ್ ಗುಂಪಿನಲ್ಲಿ, ಇನ್ನೊಮ್ಮೆ ನಾವೇ ರೈಲು ಹಿಡಿದು

ಚೀನಾದ ರೇಷ್ಮೆ ದಾರಿಯಲ್ಲಿ ನಾನು ಎರಡು ಸಲ ಓಡಾಡಿ ಬಂದಿದ್ದೇನೆ. 2018ರ ಸೆಪ್ಟೆಂಬರ್‌ನಲ್ಲಿ ಅವ್ವನ ಜೊತೆ, 24 ಜನರ ಟೂರ್ ಗುಂಪಿನಲ್ಲಿ. 2024ರ ಅಕ್ಟೋಬರ್‌ನಲ್ಲಿ, ಅಲ್ಲಿನ ರಾಷ್ಟ್ರೀಯ ರಜೆಯ ವಾರ ಮುಗಿದ ಮೇಲೆ, ಒಬ್ಬ ಗೆಳತಿಯ ಜೊತೆ. ಎರಡನೇ ಸಲ ಟಿಕೆಟ್, ಹೋಟೆಲ್, ಊಟ ಎಲ್ಲಾ ನಮ್ಮದೇ ತಲೆನೋವು. ಎರಡೂ ಸಲ ಶಿಯಾನ್‌ನಲ್ಲಿ ಶುರು ಮಾಡಿ ಪಶ್ಚಿಮಕ್ಕೆ ತುರ್ಪಾನ್ ತನಕ ಹೋಗಿದ್ದೆವು. ಯಾವುದರಲ್ಲಿ ಹೋಗಲಿ ಅಂತ ಪರಿಚಯದವರು ಕೇಳುತ್ತಲೇ ಇರುತ್ತಾರೆ, ಅದಕ್ಕೆ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ನನಗೆ ಈ ದಾರಿಯ ಹುಚ್ಚು ಹತ್ತಿದ್ದು ಹ್ಯೂಯೆನ್ ತ್ಸಾಂಗ್‌ನಿಂದ. ನಮ್ಮೂರು ಬಾದಾಮಿ ಹತ್ತಿರ. ಹರ್ಷನಿಗೂ ಬಗ್ಗದ ಇಮ್ಮಡಿ ಪುಲಕೇಶಿಯ ಬಗ್ಗೆ, ಅವನ ಸೈನಿಕರ ಬಗ್ಗೆ, ಯುದ್ಧಕ್ಕೆ ಮೊದಲು ಆನೆಗಳಿಗೆ ಹೆಂಡ ಕುಡಿಸುತ್ತಿದ್ದ ಬಗ್ಗೆ ಬರೆದಿಟ್ಟವನು ಇದೇ ಭಿಕ್ಷು ಅಂತ ಶಾಲೆಯಲ್ಲಿ ಓದಿದ್ದೆ. ಅವನು ಹೊರಟದ್ದು ಇದೇ ಶಿಯಾನ್‌ನಿಂದ, ಆಗ ಅದರ ಹೆಸರು ಚಾಂಗಾನ್. ದೇಶ ಬಿಟ್ಟು ಹೋಗಲು ಅಪ್ಪಣೆ ಇರಲಿಲ್ಲ, ಕದ್ದು ಗಡಿ ದಾಟಿದ. 645ರಲ್ಲಿ ವಾಪಸ್ ಬಂದಾಗ 657 ಗ್ರಂಥಗಳನ್ನು ಹೊತ್ತು ತಂದಿದ್ದ. ಅವುಗಳನ್ನು ಇಡಲೆಂದು 652ರಲ್ಲಿ ಕಟ್ಟಿಸಿದ ಗೋಪುರ ಶಿಯಾನ್‌ನಲ್ಲಿ ಇವತ್ತಿಗೂ ಇದೆ. ಗುಂಪಿನಲ್ಲಿ ಹೋದಾಗ ಅದನ್ನು ಬಸ್ಸಿನ ಕಿಟಕಿಯಿಂದ ತೋರಿಸಿದರು. ಎರಡನೇ ಸಲ ಒಂದಿಡೀ ಬೆಳಿಗ್ಗೆ ಅಲ್ಲೇ ಇದ್ದೆ.

ಶಿಯಾನ್‌ನಲ್ಲಿ ಹಳೆಯ ಚಕ್ರವರ್ತಿಯ ಸಮಾಧಿಯ ಪಕ್ಕ ಹೂತಿಟ್ಟಿದ್ದ ಮಣ್ಣಿನ ಸೈನಿಕರ ವಿಷಯದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಜನಜಂಗುಳಿ ಎರಡೂ ಸಲ ಒಂದೇ. ಗುಂಪಿನ ಗೈಡ್ ಇದ್ದಿದ್ದು ಅನುಕೂಲವೇ ಆಯಿತು.

ನಿಜವಾದ ವ್ಯತ್ಯಾಸ ಲಾನ್‌ಝೌ ದಾಟಿದ ಮೇಲೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ಸಾವಿರ ಕಿಲೋಮೀಟರ್ ಉದ್ದಕ್ಕೆ ಹೆಕ್ಸಿ ಅನ್ನುವ ಇಕ್ಕಟ್ಟಿನ ಪಟ್ಟಿ. ಒಂದು ಕಡೆ ಕಿಲಿಯಾನ್ ಬೆಟ್ಟಸಾಲು, ಇನ್ನೊಂದು ಕಡೆ ಮರುಭೂಮಿ. ಬೆಟ್ಟದ ಹಿಮ ಕರಗಿ ನೀರು ಬರುವ ಕಡೆಯಲ್ಲೆಲ್ಲಾ ಒಂದೊಂದು ಊರು. ಒಂಟೆ ಸಾಲುಗಳು ಹೋಗುತ್ತಿದ್ದದ್ದು ಹೀಗೆಯೇ, ಒಂದು ನೀರಿನ ಊರಿಂದ ಇನ್ನೊಂದು ನೀರಿನ ಊರಿಗೆ. ರೇಷ್ಮೆ ದಾರಿ ಅಂದರೇನು ಅಂತ ಕಣ್ಣಿಗೇ ಕಾಣುವ ಜಾಗ ಇದು. ನಮ್ಮ ಗುಂಪು ಇದನ್ನು ದಾಟಿದ್ದು ರಾತ್ರಿ ರೈಲಿನಲ್ಲಿ, ನಿದ್ದೆಯಲ್ಲಿ! ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ ಅಲ್ವಾ, ಅದಕ್ಕೆ. ಬೆಳಿಗ್ಗೆ ಎದ್ದಾಗ ಜಿಯಾಯುಗುವಾನ್, ಪಟ್ಟಿಯ ಪಶ್ಚಿಮ ಭಾಗದ ಊರು. ಆ ದುಡ್ಡಿಗೆ ನಾವು ಏನು ಕಳೆದುಕೊಂಡಿದ್ದೆವು ಅಂತ ನನಗೆ ಗೊತ್ತಾಗಿದ್ದು ಆರು ವರ್ಷ ಆದ ಮೇಲೆ.

2024ರಲ್ಲಿ ಅದನ್ನೇ ಹಗಲು ರೈಲಿನಲ್ಲಿ ಮಾಡಿದೆವು. ಪಶ್ಚಿಮಕ್ಕೆ ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ, ಇದನ್ನು ಮಾತ್ರ ಮರೆಯಬೇಡಿ. ಹಿಮದ ಬೆಟ್ಟ ಗಂಟೆಗಟ್ಟಲೆ ಜೊತೆಗೇ ಬರುತ್ತದೆ. ಪ್ರತಿ ಬೋಗಿಯಲ್ಲೂ ಕುದಿಯುವ ನೀರಿನ ನಲ್ಲಿ ಇರುತ್ತದೆ. ಜನ ಫ್ಲಾಸ್ಕ್ ಹಿಡಿದು ಸಾಲು ನಿಲ್ಲುತ್ತಾರೆ, ಚಹಾ ಎಲೆಗೆ, ಕಪ್ ನೂಡಲ್ಸ್‌ಗೆ. ನಾವು ಮನೆಯಿಂದ ಒಯ್ದಿದ್ದ ರೆಡಿ ಉಪ್ಪಿಟ್ಟಿನ ಪೊಟ್ಟಣಕ್ಕೆ ಅದೇ ನೀರು ಹಾಕಿ ಮುಚ್ಚಿಟ್ಟೆವು. ಪಕ್ಕದ ಸೀಟಿನ ಅಜ್ಜಿಗೆ ಆ ಒಗ್ಗರಣೆಯ ವಾಸನೆ ಹೊಸದು. ಒಂದು ಚಮಚ ಕೊಟ್ಟೆ, ತಿಂದು ನಕ್ಕರು, ತಮ್ಮ ಚೀಲದಿಂದ ಎರಡು ಮುಷ್ಟಿ ಒಣದ್ರಾಕ್ಷಿ ತೆಗೆದು ನನ್ನ ಕೈಗೆ ಸುರಿದರು. 24 ಜನರ ಗುಂಪಿನಲ್ಲಿ 12 ದಿನ ಇದ್ದಾಗ ಅಲ್ಲಿನವರು ಒಬ್ಬರ ಜೊತೆಯೂ ಹೀಗೆ ಆಗಿರಲಿಲ್ಲ.

ಮಧ್ಯೆ ಝಾಂಗ್‌ಯೆಯಲ್ಲಿ ಎರಡು ದಿನ ಇಳಿದೆವು. ಬಣ್ಣಬಣ್ಣದ ಬೆಟ್ಟಗಳಿಗೆ ಅಂತ ಎಲ್ಲರೂ ಹೋಗುತ್ತಾರೆ, ಅವು ಚೆನ್ನಾಗಿಯೇ ಇವೆ. ಆದರೆ ಊರೊಳಗಿನ ದೊಡ್ಡ ಬುದ್ಧನ ಗುಡಿ ತಪ್ಪಿಸಬೇಡಿ. 1098ರಲ್ಲಿ ಕಟ್ಟಿದ್ದು, ಒಳಗೆ ಮಲಗಿರುವ ಬುದ್ಧ 34 ಮೀಟರಿಗೂ ಉದ್ದ. ನಮ್ಮ ಗುಂಪಿನ ಪಟ್ಟಿಯಲ್ಲಿ ಝಾಂಗ್‌ಯೆ ಇರಲೇ ಇಲ್ಲ.

ಕಷ್ಟವನ್ನೂ ಹೇಳಬೇಕು. ಅದೇ ಝಾಂಗ್‌ಯೆಯಲ್ಲಿ ರಾತ್ರಿ ಹತ್ತೂವರೆಗೆ ಹೋಟೆಲ್ ಕೌಂಟರಿನಲ್ಲಿ ನಮ್ಮ ಪಾಸ್‌ಪೋರ್ಟ್ ನೋಡಿ, ವಿದೇಶಿಯರನ್ನು ಇಲ್ಲಿ ಇಟ್ಟುಕೊಳ್ಳುವುದಿಲ್ಲ ಅಂದುಬಿಟ್ಟರು. ದುಡ್ಡು ಮೊದಲೇ ಕಟ್ಟಿದ್ದೆವು. ಚಳಿಯಲ್ಲಿ ಸೂಟ್‌ಕೇಸ್ ಎಳೆದುಕೊಂಡು ಇನ್ನೆರಡು ಕಡೆ ಕೇಳಿ, ಮೂರನೆಯ ಕಡೆ ರೂಮ್ ಸಿಕ್ಕಿತು. ಗೆಳತಿಯ ಕಣ್ಣಲ್ಲಿ ನೀರು ಬಂದಿತ್ತು. ಅವ್ವ ಜೊತೆಗಿದ್ದಿದ್ದರೆ ನಾನೇನು ಮಾಡುತ್ತಿದ್ದೆ ಅಂತ ಆಗ ಅನ್ನಿಸಿದ್ದು ನಿಜ. ಬುಕ್ ಮಾಡುವ ಮೊದಲು ಹೋಟೆಲಿಗೆ ಮೆಸೇಜ್ ಹಾಕಿ ಇದನ್ನು ಕೇಳಿಕೊಳ್ಳಿ. ಫೋನಿನಲ್ಲಿ ಅಲಿಪೇ ಅನ್ನುವ ದುಡ್ಡು ಕಟ್ಟುವ ಆಪ್ ಹಾಕಿಕೊಂಡು ನಿಮ್ಮ ಕಾರ್ಡ್ ಜೋಡಿಸದೆ ವಿಮಾನ ಹತ್ತಬೇಡಿ. ಗೂಗಲ್ ಮ್ಯಾಪ್ ನಂಬಿಕೊಂಡು ಹೋಗಬೇಡಿ.

ಊಟದಲ್ಲಿ ಗುಂಪಿನದೇ ಮೇಲುಗೈ. ನಾವು ಶುದ್ಧ ಸಸ್ಯಾಹಾರಿಗಳು. ಗುಂಪಿನವರು ದಿನಾ ಅನ್ನ, ಪಲ್ಯ, ತೋಫು ಮಾಡಿಸಿ ಇಡುತ್ತಿದ್ದರು. ರುಚಿ ದಿನಾ ಒಂದೇ, ಆದರೆ ಹೊಟ್ಟೆ ತುಂಬುತ್ತಿತ್ತು. ನಾವೇ ಹೋದಾಗ "ವೋ ಚ್ರ್ ಸು", ಅಂದರೆ ನಾನು ಸಸ್ಯಾಹಾರಿ ಅಂತ, ಹೇಳಿ ಹೇಳಿ ಬಾಯಿ ನೋವು. ಲಾನ್‌ಝೌನಲ್ಲಿ ನೂಡಲ್ಸ್ ಅಂದರೆ ದನದ ಮಾಂಸದ ಸಾರಿನದ್ದೇ. ಮಾಂಸದ ತುಂಡು ತೆಗೆದು ಕೊಟ್ಟರೂ ಸಾರು ಅದೇ ಇರುತ್ತದೆ. ನಮ್ಮನ್ನು ಕಾಪಾಡಿದ್ದು ಲಿಯಾಂಗ್‌ಪಿ ಅನ್ನುವ ತಣ್ಣನೆಯ ಅಗಲ ನೂಡಲ್ಸ್. ಹುಳಿ ವಿನೆಗರ್, ಬೆಳ್ಳುಳ್ಳಿ, ಕೆಂಪು ಮೆಣಸಿನ ಎಣ್ಣೆ ಹಾಕಿ ಕಲಸಿ ಕೊಡುತ್ತಾರೆ. ನಮ್ಮ ನಾಲಿಗೆಗೆ ಹೇಳಿ ಮಾಡಿಸಿದ ಹಾಗಿದೆ.

ಈಗ ದುನ್‌ಹುವಾಂಗ್. ನಾನು ಇಷ್ಟೆಲ್ಲಾ ಬರೆಯುತ್ತಿರುವುದೇ ಇದಕ್ಕೋಸ್ಕರ.

ಈ ಊರಿನ ಹತ್ತಿರದ ಮೊಗಾವೊ ಬೌದ್ಧ ಗುಹೆಗಳು ಶುರುವಾಗಿದ್ದು 366ರಲ್ಲಿ, ಒಬ್ಬ ಭಿಕ್ಷು ಕೊರೆದ ಮೊದಲ ಗುಹೆಯಿಂದ. ಆಮೇಲೆ ಸಾವಿರ ವರ್ಷ ಕೊರೆದಿದ್ದಾರೆ. ಒಟ್ಟು 735 ಗುಹೆ, ಅವುಗಳಲ್ಲಿ 492 ಗುಹೆಗಳಲ್ಲಿ ಚಿತ್ರ, ಮೂರ್ತಿಗಳಿವೆ. ಸುಮ್ನೆ ಹೋಗಿ ನೋಡುವ ಹಾಗಿಲ್ಲ, ಅಲ್ಲಿನ ಗೈಡ್ ಜೊತೆಯೇ ಹೋಗಬೇಕು. ಟಿಕೆಟ್‌ನಲ್ಲಿ ಎರಡು ಥರ. ನಾನು ಹೋದಾಗ 238 ಯುವಾನ್‌ನದ್ದರಲ್ಲಿ ಎರಡು ಸಿನಿಮಾ, ಎಂಟು ಗುಹೆ. ದಿನಕ್ಕೆ 6,000 ಜನರಿಗೆ ಮಾತ್ರ. ಅದು ಮುಗಿದ ಮೇಲೆ ಕೊಡುವ 100 ಯುವಾನ್‌ನದ್ದರಲ್ಲಿ ಬರೀ ನಾಲ್ಕು ಗುಹೆ, ಸಿನಿಮಾ ಇಲ್ಲ. ಟೂರ್‌ನವರ ಹಾಳೆಯಲ್ಲಿ "ಮೊಗಾವೊ ಗುಹೆಗಳ ದರ್ಶನ" ಅಂತಷ್ಟೇ ಇತ್ತು. ಅಲ್ಲಿ ಹೋದ ಮೇಲೆ ನಮ್ಮದು ಎರಡನೆಯ ಥರದ್ದು ಅಂತ ತಿಳಿಯಿತು. ಗುಹೆಯ ಗೈಡ್ ಚೀನಿ ಭಾಷೆಯಲ್ಲಿ ವಿವರಿಸುತ್ತಿದ್ದರು, ನಮ್ಮ ಟೂರ್ ಗೈಡ್ ಪಿಸುಮಾತಿನಲ್ಲಿ ಎರಡೆರಡು ವಾಕ್ಯ ಅನುವಾದ ಮಾಡುತ್ತಿದ್ದರು, ಹಿಂದೆ ನಿಂತ ನಮಗೆ ಅದೂ ಕೇಳಿಸುತ್ತಿರಲಿಲ್ಲ. ಒಂದು ಗಂಟೆಯಲ್ಲಿ ಹೊರಗೆ. ಅದೇ ದಿನ ಮಧ್ಯಾಹ್ನ ಜೇಡ್ ಕಲ್ಲಿನ ಅಂಗಡಿಯಲ್ಲಿ ಒಂದೂಮುಕ್ಕಾಲು ಗಂಟೆ ಕೂರಿಸಿದರು. "ಇಷ್ಟ್ ದೂರ ಬಂದು ಅಂಗಡ್ಯಾಗ ಕುಂದ್ರೂದೇನವಾ?" ಅಂತ ಅವ್ವ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೇ ಸಲ ಒಂದು ತಿಂಗಳ ಮೊದಲೇ ಕೂತು ದೊಡ್ಡ ಟಿಕೆಟ್ ಮಾಡಿದೆ, ಇಂಗ್ಲಿಷ್ ಗೈಡ್ ಇರುವ ಹೊತ್ತನ್ನೇ ಆರಿಸಿಕೊಂಡೆ. ನಾವು ಹನ್ನೊಂದೇ ಜನ. ಒಳಗೆ ಕತ್ತಲು, ಫೋಟೊ ತೆಗೆಯುವ ಹಾಗಿಲ್ಲ, ಗೈಡ್ ಕೈಯಲ್ಲಿ ಒಂದು ಟಾರ್ಚ್. ಆಕೆ ಬೆಳಕನ್ನು ನಿಧಾನವಾಗಿ ಗೋಡೆಯ ಮೇಲೆ ಸರಿಸುತ್ತಾ ಹೋದಂತೆ ಹಾರುವ ಅಪ್ಸರೆಯರು ಒಬ್ಬೊಬ್ಬರಾಗಿ ಎದ್ದು ಬಂದರು. ಒಂದು ಕಡೆ ಗಾರೆ ಕಿತ್ತುಹೋಗಿತ್ತು. ಅಲ್ಲಿ ಬೆಳಕು ನಿಲ್ಲಿಸಿ ತೋರಿಸಿದರು, ಮಣ್ಣಿನೊಳಗೆ ಹುಲ್ಲಿನ ಕಡ್ಡಿಗಳು! ಇಲ್ಲಿನ ಬಂಡೆ ಬರೀ ಗರಸು, ಕೆತ್ತಲು ಹೋದರೆ ಉದುರುತ್ತದೆ, ಅದಕ್ಕೇ ಮಣ್ಣಿಗೆ ಹುಲ್ಲು ಕಲಸಿ ಮೆತ್ತಿ ಅದರ ಮೇಲೆ ಬಣ್ಣ ಬರೆದರು. ನನಗೆ ತಟ್ಟನೆ ಬಾದಾಮಿ ನೆನಪಾಯಿತು. ನಮ್ಮಲ್ಲಿ ಕೆಂಪು ಮರಳುಗಲ್ಲು, ಉಳಿಗೆ ಒಗ್ಗುವ ಕಲ್ಲು, ಹಾಗಾಗಿ 578ರ ಮೂರನೇ ಗುಹೆಯಲ್ಲಿ ವಿಷ್ಣುವನ್ನು ಬಂಡೆಯಲ್ಲೇ ಕೆತ್ತಿ ನಿಲ್ಲಿಸಿದರು. ಗೈಡ್‌ಗೆ ಇದನ್ನು ಹೇಳಿದೆ, ಪುಲಕೇಶಿಯ ವಿಷಯವನ್ನೂ ಹೇಳಿದೆ. ಆಕೆ ಊರಿನ ಹೆಸರು ಕೇಳಿ ಪುಸ್ತಕದಲ್ಲಿ ಬರೆದುಕೊಂಡರು.

17ನೇ ಗುಹೆಯ ಮುಂದೆಯೂ ನಿಧಾನವಾಗಿ ನಿಂತೆವು. ಸಣ್ಣ ಕೋಣೆ ಅಷ್ಟೇ. 1900ರಲ್ಲಿ ಇದರ ಗೋಡೆ ಒಡೆದಾಗ ಒಳಗೆ ಹಸ್ತಪ್ರತಿಗಳ ರಾಶಿ ಸಿಕ್ಕಿತ್ತು. 1907ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಆರೆಲ್ ಸ್ಟೈನ್ ಬಂದು ಗಾಡಿಗಟ್ಟಲೆ ಒಯ್ದ. ಅದರಲ್ಲೇ ಇದ್ದ, 868ರಲ್ಲಿ ಅಚ್ಚಾದ ವಜ್ರಸೂತ್ರ ಅನ್ನುವ ಬೌದ್ಧ ಗ್ರಂಥ ಈಗ ಲಂಡನ್ನಿನಲ್ಲಿದೆ. ಖಾಲಿ ಕೋಣೆ ನೋಡಿ ಹೊಟ್ಟೆಯಲ್ಲಿ ಸಂಕಟ ಆಯಿತು.

ಮರಳುಗುಡ್ಡ, ಅರ್ಧಚಂದ್ರದ ಕೊಳ: ಗುಂಪಿನವರು ಮಧ್ಯಾಹ್ನ ಒಂದು ಗಂಟೆಗೆ ಕರೆದುಕೊಂಡು ಹೋದರು, ಕಾಲು ಸುಟ್ಟಿತು. ನಾವೇ ಹೋದಾಗ ಸಂಜೆ ಹೋದೆವು. ಇಷ್ಟು ಸಾಕು.

ತುರ್ಪಾನ್‌ನಲ್ಲಿ ಮಾತ್ರ ನನ್ನ ಓಟು ಗುಂಪಿಗೆ. ಅಲ್ಲಿನ ಗೈಡ್, ಉಯ್ಘುರ್ ಅನ್ನುವ ಸ್ಥಳೀಯ ಜನಾಂಗದವರು, ಬಹಳ ಒಳ್ಳೆಯವರು. ಬೆಟ್ಟದ ನೀರನ್ನು ನೆಲದಡಿಯ ಸುರಂಗದಲ್ಲಿ ಹೊಲಕ್ಕೆ ತರುವ ಕರೇಜ್‌ಗೆ ಇಳಿಸಿದರು. ರಂಧ್ರದ ಇಟ್ಟಿಗೆ ಮನೆಯಲ್ಲಿ ದ್ರಾಕ್ಷಿ ಒಣಹಾಕುವುದನ್ನು ತೋರಿಸಿದರು. ಜಿಯಾವೊಹೆಯಲ್ಲಿ, ಕಟ್ಟದೆ ನೆಲವನ್ನೇ ಕೆಳಕ್ಕೆ ಅಗೆದು ಮಾಡಿದ ಆ ಹಳೆಯ ಪಾಳು ಊರಿನ ಬೀದಿಗಳಲ್ಲಿ, ನಡೆಸಿಕೊಂಡು ಹೋದರು. ನಾವೇ ಹೋದಾಗ ರೈಲು ನಿಲ್ದಾಣ, ಬಜಾರು ಎಲ್ಲಾ ಕಡೆ ತಪಾಸಣೆ, ಪಾಸ್‌ಪೋರ್ಟ್ ತೋರಿಸುವುದರಲ್ಲೇ ಅರ್ಧ ದಿನ ಹೋಯಿತು. ಜಾಗಗಳೂ ದೂರ ದೂರ. ಅಲ್ಲಿಗೆ ಮಾತ್ರ ಒಂದು ದಿನದ ಗೈಡ್, ಕಾರು ಗೊತ್ತುಮಾಡಿಕೊಳ್ಳಬೇಕಿತ್ತು.

ಖರ್ಚು: ಗುಂಪಿನಲ್ಲಿ 12 ದಿನಕ್ಕೆ ತಲೆಗೆ ಎರಡು ಲಕ್ಷಕ್ಕೂ ಜಾಸ್ತಿ ಆಯಿತು. ನಾವೇ ಹೋದಾಗ 16 ದಿನಕ್ಕೆ, ವಿಮಾನ ಸೇರಿ, ಒಂದೂವರೆ ಲಕ್ಷದೊಳಗೆ.

ಅವ್ವನಿಗೆ ಈಗ 74. ಆ ಎಂಟು ಗುಹೆಗಳ ವಿಷಯ ಹೇಳಿದಾಗಿನಿಂದ ಮತ್ತೆ ಹೋಗೋಣ ಅನ್ನುತ್ತಿದ್ದಾಳೆ. ಈ ಸಲ ಗುಂಪು ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಲಾನ್‌ಝೌನಿಂದ ಹಗಲು ರೈಲು, ಎಡಗಡೆ ಕಿಟಕಿ, ದುನ್‌ಹುವಾಂಗ್‌ನಲ್ಲಿ ಒಂದೇ ಹೋಟೆಲಿನಲ್ಲಿ ನಾಲ್ಕು ದಿನ, ಒಬ್ಬ ಡ್ರೈವರ್. ಅಂಗಡಿ ಇಲ್ಲ. ಮೊಗಾವೊ ಟಿಕೆಟ್ ಸಿಕ್ಕ ದಿನವೇ ವಿಮಾನದ್ದು ಬುಕ್ ಮಾಡುತ್ತೇನೆ.