ಕಲ್ಲುಹಾಸಿಗೆ ದೀಪ: ನೆಲದೊಳಗೋ, ಅಂಚಿನಲ್ಲೋ?

ಕಲ್ಲಿನ ನಡುವೆ ನೆಲದೊಳಗೆ ಕೂರಿಸುವ ದೀಪ, ಅಂಚಿನಲ್ಲಿ ನಿಲ್ಲಿಸುವ ಗಿಡ್ಡ ಕಂಬದ ದೀಪ: ಎರಡೂ 12 ವೋಲ್ಟ್‌ನವೇ ಸಿಗುತ್ತವೆ, ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ ನಡೆಯುತ್ತವೆ. ವ್ಯತ್ಯಾಸ ಶುರುವಾಗುವುದು ನೆಲ ಅಗೆಯುವಾಗ.

ಕಲ್ಲಿನ ಮಟ್ಟಕ್ಕೇ ಕೂರುವ ದೀಪ ನೋಡಲು ಅಚ್ಚುಕಟ್ಟು, ಕಾಲಿಗೂ ಎಡವುವುದಿಲ್ಲ. ಅದರ ಶತ್ರು ನೀರು. ಐಪಿ67 ದರ್ಜೆಯದ್ದೇ ಬೇಕು, ಅಂದರೆ ದೂಳು ಒಳಹೋಗದ, ಸ್ವಲ್ಪ ಹೊತ್ತು ನೀರಲ್ಲಿ ಮುಳುಗಿದರೂ ತಾಳುವಂಥದ್ದು. ಕೆಳಗೆ ಜಲ್ಲಿ ತುಂಬಿ ನೀರು ಇಂಗಲು ದಾರಿ ಬಿಡದಿದ್ದರೆ ಆ ದರ್ಜೆಯೂ ಹೆಚ್ಚು ಕಾಲ ಕಾಯದು. ಗಾಜಿನ ಮೇಲಿನ ಮಣ್ಣನ್ನು ಆಗಾಗ ಒರೆಸಬೇಕು. ಕೆಟ್ಟರೆ ಕಲ್ಲನ್ನೇ ಎಬ್ಬಿಸಬೇಕಾದೀತು. ಹಾಗಾಗಿ ತಂತಿಯನ್ನು ಪೈಪಿನೊಳಗೆ ಹಾಯಿಸಿ, ಪ್ರತಿ ದೀಪದ ಬಳಿ ಒಂದಡಿ ಹೆಚ್ಚುವರಿ ಸುತ್ತಿಡಿ. ಮುಂದೆ ದೀಪವನ್ನು ಹೊರಗೆಳೆದು ನೋಡಲು ಆ ಒಂದಡಿಯೇ ಆಸರೆ.

ಅಂಚಿನ ಗಿಡ್ಡ ಕಂಬದ ದೀಪದಲ್ಲಿ ಬೆಳಕು ಕೆಳಮುಖ, ಕಣ್ಣಿಗೆ ಚುಚ್ಚದು. ರಿಪೇರಿಗೆ ಮಣ್ಣು ಕೆದಕಿದರೆ ಸಾಕು. ಗಿಡ ಬೆಳೆದು ಮುಚ್ಚದಂತೆ ಸವರುತ್ತಿರಬೇಕು, ಅಷ್ಟೆ.

ಯಾವುದೇ ಆದರೂ ತಂತಿಯಲ್ಲಿ ಜಿಪುಣತನ ಬೇಡ. 12 ವೋಲ್ಟ್‌ನಲ್ಲಿ 60 ವ್ಯಾಟ್‌ಗೆ 5 ಆಂಪಿಯರ್ ಹರಿಯುತ್ತದೆ. ತೆಳು ತಂತಿಯನ್ನು ದೂರಕ್ಕೆ ಎಳೆದರೆ ದಾರಿಯಲ್ಲೇ ವೋಲ್ಟೇಜ್ ಕುಸಿದು ಕೊನೆಯ ದೀಪ ಮಂಕಾಗುತ್ತದೆ. ತಂತಿಗಳ ಜೋಡಣೆಗೆ ಟೇಪ್ ಅಲ್ಲ, ನೀರು ಒಳಬಾರದಂತೆ ಜೆಲ್ ತುಂಬಿದ ಕನೆಕ್ಟರ್.

ಕಲ್ಲು ಈಗಾಗಲೇ ಹಾಸಿದ್ದರೆ ಅಂಚಿನದನ್ನೇ ಆರಿಸಿ. ಹೊಸದಾಗಿ ಹಾಸುತ್ತಿದ್ದು, ಅಲ್ಲಿ ವಾಹನವೂ ಓಡಾಡುವುದಾದರೆ ಭಾರ ತಾಳುವ ನೆಲದ ದೀಪ.